ಪ್ರತಿಕ್ರಿಯೆ: ಮಿಲ್ ಲೆಕ್ಕಿಗರು ಸಾಕ್ಷ್ಯಚಿತ್ರ ನಿರ್ಮಿಸಬಹುದೇ?

ಹದಿನೈದು ವರ್ಷ ಕಾಟನ್ ಮಿಲ್‌ನಲ್ಲಿ ಲೆಕ್ಕ ಬರೆದವನು, ಸಿನಿಮಾ ಓದಿಲ್ಲ, ದಾವಣಗೆರೆಯ ಮಿಲ್‌ಗಳ ಬಗ್ಗೆ ಸಾಕ್ಷ್ಯಚಿತ್ರ ನಿರ್ಮಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ ಸರ್. ‘ನಾನೂಕ್ ಆಫ್ ದಿ ನಾರ್ತ್’ ಅನ್ನೋ ಹೆಸರಾಂತ ಸಾಕ್ಷ್ಯಚಿತ್ರ ಮಾಡಿದ ರಾಬರ್ಟ್ ಫ್ಲಾಹರ್ಟಿ ಮೊದಲು ಕೆನಡಾದಲ್ಲಿ ಕಬ್ಬಿಣದ ಅದಿರು ಹುಡುಕುತ್ತಿದ್ದವರು. 1916ರಲ್ಲಿ ಸಿಗರೇಟಿನ ಕಿಡಿ ತಾಗಿ, ಅವರು ಅಲ್ಲಿ ಚಿತ್ರೀಕರಿಸಿದ್ದ ಫಿಲ್ಮ್ ನೆಗೆಟಿವ್ ಸುಟ್ಟುಹೋಯಿತು. ಮತ್ತೆ ಹೋಗಿ ಚಿತ್ರೀಕರಿಸಿ, 1922ರಲ್ಲಿ ಬಿಡುಗಡೆ ಮಾಡಿದರು. ದುಡ್ಡು ಹಾಕಿದ್ದು ತುಪ್ಪಳದ ವ್ಯಾಪಾರಿಗಳು!

ನಿರ್ಮಾಪಕರ ಅರ್ಧ ಕೆಲಸ ನಿಮ್ಮ ಲೆಕ್ಕದ ಪುಸ್ತಕವೇ. ಬಜೆಟ್‌ನಲ್ಲಿ ಶೇ. 10 ಕೈಗಾವಲಿಗೆ ಇಡಿ. ಹಾರ್ಡ್‌ಡಿಸ್ಕ್ ಖರ್ಚನ್ನೇ ಎಲ್ಲರೂ ಮರೆಯೋದು: 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಒಂದು ಗಂಟೆಯ ವಿಡಿಯೊಗೆ 45 ಜಿಬಿ, ಅದೂ ಎರಡು ಕಡೆ ನಕಲು ಬೇಕು.

ಮಿಲ್ ಒಳಗೆ ಚಿತ್ರೀಕರಿಸುವಾಗ ಟ್ಯೂಬ್‌ಲೈಟ್ ಮಿನುಗು ಕಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಷಟರ್ ವೇಗ 1/50 ಸೆಕೆಂಡ್ ಇಡಿ. ಮಗ್ಗದ ಸದ್ದಿನಲ್ಲಿ ಸಂದರ್ಶನ ಬೇಡ, ಆಮೇಲೆ ಎಡಿಟಿಂಗ್‌ನಲ್ಲಿ ಸರಿಯಾಗಲ್ಲ. ಕಾರ್ಮಿಕರನ್ನು ಮನೆಯಲ್ಲೇ ಕೂರಿಸಿ, ಫ್ಯಾನ್ ಆರಿಸಿ, ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಮಗ್ಗದ ಸದ್ದನ್ನು ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರಕ್ಕೆ ಅವತ್ತೇ ಸಹಿ ಹಾಕಿಸಿ.