ಗೈಡು ಸಾಕಾ, ಡಿಕನ್ಸ್ ಬೇಕಾ?

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ವಿದ್ಯಾರ್ಥಿನಿ. ಡಿಕನ್ಸ್, ಹಾರ್ಡಿ ಥರದ ಹಳೇ ಇಂಗ್ಲಿಷ್ ಕಾದಂಬರಿಕಾರರೆಲ್ಲ ಕಥೆಯನ್ನು ತುಂಬಾ ಎಳೆಯುತ್ತಾರೆ. ಪದಕ್ಕಿಷ್ಟು ಅಂತ ದುಡ್ಡು ಸಿಗುತ್ತಿತ್ತಂತಲ್ಲ, ಅದಕ್ಕೇ ಇರಬೇಕು. ಅವರನ್ನು ಗೈಡಿನಲ್ಲೇ ಮುಗಿಸಿ, ವರ್ಜೀನಿಯಾ ವುಲ್ಫ್ ಥರದವರನ್ನು ಮಾತ್ರ ಪೂರ್ತಿ ಓದಿದರೆ ಸಾಲದೇ?
– ಓದುಗರೊಬ್ಬರು, ಹಾಸನ

ಉತ್ತರ: ವುಲ್ಫ್ ಓದಿ, ಖಂಡಿತ ಓದಿ. 1925ರ ‘ಮಿಸೆಸ್ ಡ್ಯಾಲೊವೇ’ ಒಂದೇ ದಿನದ ಕಥೆ, ಚೆನ್ನಾಗಿದೆ. ಆದರೆ ಆ ಗೈಡಿನ ಮಾತು ಯಾಕೆ ತೆಗೆದಿರಿ ತಾಯೀ?

ಪದಕ್ಕಿಷ್ಟು ದುಡ್ಡು ಅನ್ನೋದು ಬರೀ ಕಟ್ಟುಕಥೆ. ಡಿಕನ್ಸ್‌ಗೆ ಸಿಗುತ್ತಿದ್ದದ್ದು ಕಂತಿಗಿಷ್ಟು ಅಂತ. ಅವನೂ ನನ್ನ ಹಾಗೆ ಪತ್ರಿಕೆ ನಡೆಸಿದವನು, ಹಾಗಾಗಿ ನನಗೆ ಅವನ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. 1860ರಲ್ಲಿ ಅವನ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಬೇರೊಬ್ಬರ ಧಾರಾವಾಹಿ ಬರುತ್ತಿತ್ತು. ಓದುಗರಿಗೆ ಹಿಡಿಸಲಿಲ್ಲ, ಪ್ರಸಾರ ಇಳಿಯತೊಡಗಿತು. ತಿಂಗಳ ಕಂತುಗಳಲ್ಲಿ ನಿಧಾನವಾಗಿ ಬರೆಯೋಣ ಅಂದುಕೊಂಡಿದ್ದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ವಾರದ ಕಂತಿಗೆ ಬಿಗಿ ಮಾಡಿ, ಡಿಸೆಂಬರ್ 1ರಿಂದ ಶುರು ಮಾಡಿಯೇಬಿಟ್ಟ. ಪತ್ರಿಕೆ ಚೇತರಿಸಿಕೊಂಡಿತು.

ಆ ಮೊದಲ ಕಂತು ನೋಡಿ. ಸ್ಮಶಾನದಲ್ಲಿ ಕೈದಿಯೊಬ್ಬ ಪುಟ್ಟ ಪಿಪ್‌ನನ್ನು ಹಿಡಿದು, ಕಾಲಿನ ಬೇಡಿ ಉಜ್ಜಿ ಕತ್ತರಿಸೋಕೆ ಒಂದು ಅರ, ತಿನ್ನೋಕೆ ಏನಾದರೂ ತಂದುಕೊಡು ಅಂತ ಹೆದರಿಸುತ್ತಾನೆ. ಹುಡುಗ ತನ್ನ ಪಾಲಿನ ಬ್ರೆಡ್ಡನ್ನು ಪ್ಯಾಂಟಿನ ಕಾಲೊಳಗೆ ಬಚ್ಚಿಟ್ಟು, ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಾಗುತ್ತಲೇ ಅಕ್ಕನ ಉಗ್ರಾಣದಿಂದ ಚೀಸು, ಬ್ರಾಂದಿ, ಪೋರ್ಕ್ ಪೈ ಕದ್ದು, ಭಾವನ ಕುಲುಮೆಯಿಂದ ಅರ ಎತ್ತಿಕೊಂಡು ಮಂಜಿನೊಳಗೆ ಓಡುತ್ತಾನೆ. ಕಂತು ಮುಗಿಯಿತು! ಇದರಲ್ಲಿ ಎಳೆದದ್ದು ಎಲ್ಲಿದೆ, ತೋರಿಸಿ. ಗೈಡಿನಲ್ಲಾದರೆ ‘ಪಿಪ್ ಕೈದಿಗೆ ನೆರವಾಗುತ್ತಾನೆ’, ಅಷ್ಟೇ.

ಹಾರ್ಡಿಯದು ಇನ್ನೂ ಮಜಾ. 1891ರಲ್ಲಿ ಅವನ ‘ಟೆಸ್’ ಕಾದಂಬರಿ ‘ದಿ ಗ್ರಾಫಿಕ್’ ವಾರಪತ್ರಿಕೆಯಲ್ಲಿ ಬಂತು. ಅದರಲ್ಲಿ ನೀರು ನಿಂತ ದಾರಿಯಲ್ಲಿ ಏಂಜೆಲ್ ಕ್ಲೇರ್ ಅನ್ನೋ ಯುವಕ ಹಾಲು ಕರೆಯುವ ಹುಡುಗಿಯರನ್ನು ಒಬ್ಬೊಬ್ಬರಾಗಿ ತೋಳಲ್ಲಿ ಎತ್ತಿ ದಾಟಿಸಬೇಕು. ಮನೆಮಂದಿಯೆಲ್ಲ ಓದುವ ಪತ್ರಿಕೆ, ಮುಟ್ಟಿಬಿಟ್ಟರೆ ಹೇಗೆ? ಸಂಪಾದಕರು ಕೈಗಾಡಿಯಲ್ಲಿ ಕೂರಿಸಿ ತಳ್ಳಿಸಿದರು! (ಸಂಪಾದಕರ ಜಾತಿಯೇ ಅಂಥದ್ದು.) ಪುಸ್ತಕವಾದಾಗ ಹಾರ್ಡಿ ಗಾಡಿ ಬಿಸಾಕಿ ತೋಳನ್ನೇ ವಾಪಸ್ ತಂದ. ಅಂದಹಾಗೆ, 1874ರಲ್ಲಿ ‘ಕಾರ್ನ್‌ಹಿಲ್’ ಪತ್ರಿಕೆಯಲ್ಲಿ ಹಾರ್ಡಿಯ ಇನ್ನೊಂದು ಕಾದಂಬರಿಯನ್ನು ಕಂತುಕಂತಾಗಿ ಹಾಕಿದ ಸಂಪಾದಕ ಯಾರು ಗೊತ್ತಾ? ಲೆಸ್ಲಿ ಸ್ಟೀಫನ್, ನಿಮ್ಮ ವುಲ್ಫ್‌ಳ ಅಪ್ಪ. ಮಗಳು 1926ರಲ್ಲಿ ಹಾರ್ಡಿಯ ಮನೆಗೇ ಹೋಗಿ ಅವನನ್ನು ಕಂಡು ಬಂದಳು. ನೀವು ಮಾತ್ರ ಅವನ ಮನೆ ಬಾಗಿಲಲ್ಲೇ ಗೈಡು ಹಿಡಿದು ನಿಂತಿದ್ದೀರಿ.

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಪರೀಕ್ಷೆಯಲ್ಲಿ ಅದದೇ ಪ್ರಶ್ನೆ, ಕಾದಂಬರಿ ಮುಟ್ಟದವರಿಗೂ ಫಸ್ಟ್ ಕ್ಲಾಸು. ಕೆಲವು ಮೇಷ್ಟ್ರುಗಳು ನೋಟ್ಸ್ ಬರೆಸಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಪತ್ರಿಕೆಯ ಓದುಗರೇನು ಕಮ್ಮಿ? ಧಾರಾವಾಹಿ ಶುರುವಾಗಿ ಮೂರು ವಾರ ಆಗಿರುವುದಿಲ್ಲ, ಆಫೀಸಿಗೆ ಫೋನ್ ಮಾಡಿ, ‘ಕೊನೇಲಿ ಏನಾಗುತ್ತೆ, ಸುಮ್ನೆ ಹೇಳಿಬಿಡಿ ಸಾರ್’ ಅನ್ನುತ್ತಾರೆ. ನಾನು ಹೇಳಲ್ಲ.