ನಾನೂ ನಕ್ಕಿದ್ದೆ

ಈ ಪ್ರಕರಣ ಬರೆಯಬೇಕೋ ಬೇಡವೋ ಅಂತ ಒಂದು ವರ್ಷ ಸುಮ್ಮನಿದ್ದೆ. ಇದರಲ್ಲಿ ಹೊಡೆದಾಟ ಇಲ್ಲ, ದುಡ್ಡಿನ ಜಗಳ ಇಲ್ಲ, ಕುಡಿತವೂ ಇಲ್ಲ. ಕೊನೆಯದು ಯಾಕೆ ತಮಾಷೆ ಅಂತ ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಆದರೆ ಇದೇ ತೊಂದರೆ ಹೊತ್ತ ಜೋಡಿಗಳು ಶಿರಸಿಯ ನನ್ನ ಚಿಕ್ಕ ಆಪ್ತಸಲಹೆ ಕೋಣೆಗೆ ಮತ್ತೆ ಮತ್ತೆ ಬರುತ್ತಿವೆ. ಸಾಲದ್ದಕ್ಕೆ ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ.

ಬರೆಯುವ ಮೊದಲು ಇಬ್ಬರನ್ನೂ ಕೇಳಿದ್ದೇನೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹೆಸರು ಮಾತ್ರ ಇಟ್ಟಿಲ್ಲ. ಸುಳ್ಳು ಹೆಸರು ಇಟ್ಟರೆ, ನಮ್ಮೂರಲ್ಲಿ ಆ ಹೆಸರಿನ ಇನ್ಯಾರದೋ ಮನೆಗೆ ಸಂಜೆಯೊಳಗೆ ಫೋನ್ ಹೋಗುತ್ತೆ.

ಅವನು ಶಿರಸಿ ಕಡೆಯ ತೋಟದ ಮನೆಯ ಹುಡುಗ. ತೋಟಗಾರಿಕೆ ಓದಿ ನಾಸಿಕ್ ಹತ್ತಿರದ ಒಂದು ವೈನರಿಯಲ್ಲಿ ಕೆಲಸಕ್ಕಿದ್ದಾನೆ. ಮನೆಯವರು ಊರಲ್ಲಿ 'ಹಣ್ಣಿನ ರಸದ ಫ್ಯಾಕ್ಟರಿ' ಅಂತ ಹೇಳಿಕೊಂಡಿದ್ದಾರೆ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಅಪ್ಪ ಮಾತ್ರ ಏನೂ ಹೇಳುವುದಿಲ್ಲ. ಮಗ ಆ ಕೆಲಸಕ್ಕೆ ಸೇರಿದಾಗಿನಿಂದ ಕೆಲಸದ ಬಗ್ಗೆ ಒಂದು ಮಾತೂ ಎತ್ತಿಲ್ಲ. ಮಳೆ, ಅಡಿಕೆ ದರ, ಆಕಳ ಕರು, ಫೋನಿನಲ್ಲಿ ಇಷ್ಟೇ. ಹುಡುಗಿ ಸಿದ್ದಾಪುರದ ಕಡೆಯವಳು. ಮದುವೆಯಾಗಿ ಎರಡು ವರ್ಷ.

ಮೇ ತಿಂಗಳಲ್ಲಿ ಊರಿಗೆ ಬಂದಾಗ ಅವರನ್ನು ಕರೆತಂದವರು ಹುಡುಗನ ತಾಯಿ. "ನನ್ನ ಮಗ ಮಾತೇ ಬಿಟ್ಟಿದ್ದಾನೆ. ಇವಳು ಅವನನ್ನು ಊರಿಗೆಲ್ಲ ನಗೆಪಾಟಲು ಮಾಡಿಟ್ಟಿದ್ದಾಳೆ. ಸ್ವಲ್ಪ ಬುದ್ಧಿ ಹೇಳಿ" ಅಂದರು. ಅವರನ್ನು ಹೊರಗೆ ಕೂರಿಸಿ ಇವರಿಬ್ಬರನ್ನು ಒಳಗೆ ಕರೆದೆ.

ವಿಷಯ ಇಷ್ಟು. ಹುಡುಗಿ ಚೆನ್ನಾಗಿ ಕತೆ ಹೇಳುತ್ತಾಳೆ. ದಿನಾ ಸಂಜೆ ಮನೆಯವರ ವಾಟ್ಸಾಪ್ ಗ್ರೂಪಿಗೆ ನಾಸಿಕ್‌ನ ಸಂಸಾರದಿಂದ ಒಂದು ಕತೆ ಬರುತ್ತೆ. ಕೆಲವೊಮ್ಮೆ ಬರೀ ಧ್ವನಿ, ಕೆಲವೊಮ್ಮೆ ವಿಡಿಯೊ. ಅತ್ತೆ, ಚಿಕ್ಕಮ್ಮ, ಬೆಂಗಳೂರಿನ ಭಾವಂದಿರು ಎಲ್ಲರೂ ಕಾದು ಕೂರುತ್ತಾರೆ.

ಮೊದಲ ಕತೆ ಅವಳ ಮೇಲೆಯೇ ಇತ್ತು. ಮದುವೆಯಾದ ಹೊಸತು. ದ್ರಾಕ್ಷಿ ಬಳ್ಳಿಯನ್ನು ಅಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಮರಾಠಿಯಲ್ಲಿ ಅದಕ್ಕೆ ಛಾಟಣಿ ಅನ್ನುತ್ತಾರೆ. ಗಂಡ ಫೋನ್ ಮಾಡಿ "ನಾಳೆಯಿಂದ ಛಾಟಣಿ, ಅರವತ್ತು ಜನ ಇರ್ತಾರೆ" ಅಂದನಂತೆ. ಇವಳು ಬೆಳಿಗ್ಗೆ ಆರು ತೆಂಗಿನಕಾಯಿ ಒಡೆದು ಕೂತಳು. ಈ ಕತೆಗೆ ಯಾರಿಗೂ ನೋವಿಲ್ಲ. ಅವಳೇ ಹೇಳಿದ್ದು, ಅವಳ ಮೇಲೆಯೇ ಹೇಳಿದ್ದು.

ಆಮೇಲೆ ಕತೆ ನಿಧಾನಕ್ಕೆ ಗಂಡನ ಕಡೆ ತಿರುಗಿತು. ಅವನ ಕೆಲಸದಲ್ಲಿ ಮೂಗಿಗೆ ಅಭ್ಯಾಸ ಬೇಕು. ಗ್ಲಾಸಿನಲ್ಲಿ ಏನಿದೆ ಅಂತ ಮೂಸಿ ಹೇಳಬೇಕು. ಬಾಯಿಗೆ ಹಾಕಿದ್ದನ್ನು ನುಂಗುವುದಿಲ್ಲ, ಉಗುಳುತ್ತಾನೆ. ವೈನರಿಯಲ್ಲಿದ್ದೂ ಕುಡಿಯದ ಗಂಡ ಅಂದರೆ ಇವನೇ. ಆದರೆ ಆ ಅಭ್ಯಾಸ ಮನೆಗೂ ಬಂತು. ಸಾರು ಮೂಸಿದ. ತಂಬುಳಿ ಮೂಸಿದ. ಅವಳ ತಲೆಗೆಣ್ಣೆ ಮೂಸಿ "ಒದ್ದೆ ಮಣ್ಣು, ಸ್ವಲ್ಪ ಲವಂಗ" ಅಂದ. ಅವಳು ಅದನ್ನು ಅಭಿನಯಿಸಿ ಕಳಿಸಿದಳು. ಬೆಂಗಳೂರಿನ ಭಾವನೊಬ್ಬ ಅವನಿಗೆ 'ಮೂಗಣ್ಣ' ಅಂತ ಹೆಸರಿಟ್ಟ. ಒಂದೇ ವರ್ಷದಲ್ಲಿ ಮೂಗಣ್ಣ ನಿಜವಾಗಿ ಮೂಗನಾದ. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ.

"ನಾವು ಎಷ್ಟು ನಗ್ತಿದ್ವಿ ಗೊತ್ತಾ ಮೇಡಂ? ಈಗ ಇವರಿಗೆ ಏನಾಗಿದೆಯೋ" ಅಂತ ಹುಡುಗಿ ಅತ್ತಳು. ಅವನು ಕಿಟಕಿ ನೋಡುತ್ತಾ ಕೂತಿದ್ದ. ಮೊದಲ ಸಲದ ಭೇಟಿ ಅಲ್ಲಿಗೇ ಮುಗಿಯಿತು.

ಎರಡನೇ ಸಲ ನಾನೊಂದು ಬೇರೆ ದಾರಿ ಹಿಡಿದೆ. "ನಿಮಗೆ ತುಂಬಾ ಇಷ್ಟವಾದ ಒಂದು ಕತೆ ನನಗೂ ಹೇಳಿ" ಅಂದೆ. ಅವಳ ಮುಖ ಅರಳಿತು. ಜೋನಿಬೆಲ್ಲದ ಕತೆ ತೆಗೆದಳು. ಜೋನಿ ಅಂದರೆ ನಮ್ಮ ಕಡೆಯ ದ್ರವರೂಪದ ಬೆಲ್ಲ.

ದ್ರಾಕ್ಷಿ ಕೊಯ್ಲಿಗೆ ಬಂತೋ ಇಲ್ಲವೋ ನೋಡಲು ರಿಫ್ರಾಕ್ಟೋಮೀಟರ್ ಅಂತ ಒಂದು ಉಪಕರಣ ಇರುತ್ತೆ. ನೋಡಲು ಚಿಕ್ಕ ಟಾರ್ಚಿನ ಹಾಗೆ. ತುದಿಯ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಬೇಕು. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅಷ್ಟು ಸಕ್ಕರೆ. ವೈನಿನ ದ್ರಾಕ್ಷಿಗೆ 22ರಿಂದ 24 ಬಂದರೆ ಕೊಯ್ಯುತ್ತಾರೆ. ಅವನ ಬಳಿ ಇದ್ದದ್ದರಲ್ಲಿ ಅಂಕಿ 32ಕ್ಕೆ ಮುಗಿಯುತ್ತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅವಳು ಹೇಳಿದ್ದು ಹೀಗೆ. "ಫೆಬ್ರವರಿಯಲ್ಲಿ ಊರಿಂದ ಒಂದು ಡಬ್ಬ ಜೋನಿಬೆಲ್ಲ ಬಂತು ಮೇಡಂ. ನಾನು ದೋಸೆ ಹೊಯ್ಯುತ್ತಾ ಇದ್ದೆ. ಇವರು ಆ ಟಾರ್ಚ್ ತಂದು, ಅದಕ್ಕೆ ಜೋನಿ ಹಚ್ಚಿ, ಕಿಟಕಿ ಹತ್ತಿರ ಒಂದು ಕಾಲ ಮೇಲೆ ನಿಂತು ನೋಡ್ತಾರೆ. ಗೆರೆನೇ ಇಲ್ಲ! ಒರೆಸಿ ಮತ್ತೆ ಹಚ್ಚಿದರು. ಗೆರೆ ಇಲ್ಲ. 'ಬಾ ಇಲ್ಲಿ, ನೋಡು' ಅಂತ ನನ್ನ ಕರೀತಾರೆ. ನಾನು ದೋಸೆ ಸಟ್ಟುಗ ಹಿಡಕೊಂಡೇ ವಿಡಿಯೊ ಮಾಡಿದೆ. ಜೋನಿಬೆಲ್ಲ ಸಿಹಿ ಇದೆಯಾ ಅಂತ ತಿಳಿಯೋಕೂ ನಮ್ಮ ಮನೆಯವರಿಗೆ ಯಂತ್ರ ಬೇಕು, ಅದೂ ಕೈಕೊಟ್ಟಿತು ಅಂತ ಬರೆದು ಗ್ರೂಪಿಗೆ ಹಾಕಿದೆ."

ಒಂದು ಕಾಲ ಮೇಲೆ ನಿಂತದ್ದನ್ನು ಅವಳು ಕುರ್ಚಿಯಿಂದ ಎದ್ದು ನಿಂತು ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಜೋರಾಗಿ ನಕ್ಕೆ. ಆಪ್ತಸಲಹೆಗೆ ಕೂತವರು ಹಾಗೆ ನಗಬಾರದು. ನಾನು ನಕ್ಕೆ.

ಅವನೂ ನಕ್ಕ. ಆದರೆ ಮೊದಲು ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ನಕ್ಕ. ಊಟದ ಪಂಕ್ತಿಯಲ್ಲಿ ಹೊಸಬರು ಪಕ್ಕದವರನ್ನು ನೋಡಿಕೊಂಡು ಕೈ ಹಾಕುತ್ತಾರಲ್ಲ, ಹಾಗೆ.

"ನಿಮಗೆ ಈಗ ನಿಜವಾಗಿ ನಗು ಬಂತಾ?" ಅಂತ ಕೇಳಿದೆ.

ಎರಡು ಭೇಟಿಯಲ್ಲೂ ಅವನು ನನ್ನ ಜೊತೆ ಶಾಲೆಯ ಕನ್ನಡದಲ್ಲಿ ಅಳೆದು ಮಾತಾಡಿದ್ದ. ಈಗ ಹವಿಗನ್ನಡ ಬಂತು. "ಯಂಗೆ ನಗೆ ಬತ್ತಿಲ್ಲೆ" ಅಂದ. ನನಗೆ ನಗು ಬರುವುದಿಲ್ಲ ಅಂತ.

ಹುಡುಗಿ ನಿಂತಲ್ಲೇ ನಿಂತಳು. ಆಮೇಲೆ ಅವನು ನಿಧಾನಕ್ಕೆ ಹೇಳಿದ. ಗೆರೆ ಕಾಣುವುದಿಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಜೋನಿಯ ಸಿಹಿ ಎಲ್ಲಿ, ಆ ಯಂತ್ರದ 32 ಎಲ್ಲಿ. ಅದನ್ನೇ ಅವಳಿಗೆ ತೋರಿಸೋಣ ಅಂತ ಕರೆದದ್ದು. ಆ ಡಬ್ಬ ಕಳಿಸಿದ್ದು ಅಪ್ಪ. ಅವನು ಕೆಲಸಕ್ಕೆ ಸೇರಿದ ಮೇಲೆ ಅಪ್ಪ ತಾವಾಗಿ ಕಳಿಸಿದ ಮೊದಲ ವಸ್ತು ಅದು. ಅವರೇ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಕಾಸಿದ್ದು.

"ಅಪ್ಪ ಹೊಗೆಯಲ್ಲಿ ನಿಂತು ಕಣ್ಣಲ್ಲೇ ಹದ ನೋಡ್ತಾರೆ. ನಿಮ್ಮ ಜೋನಿ ನನ್ನ ಯಂತ್ರಕ್ಕೆ ಎಟುಕಲಿಲ್ಲ ಅಂತ ಸಂಜೆ ಫೋನ್ ಮಾಡಿ ಹೇಳೋಣ ಅಂತಿದ್ದೆ. ಹಾಗಾದರೂ ನನ್ನ ಕೆಲಸದ ಮಾತು ಶುರುವಾಗುತ್ತೆ ಅಂತ. ಅಷ್ಟರಲ್ಲಿ ವಿಡಿಯೊ ಹೋಗಿತ್ತು."

ಗ್ರೂಪಿನಲ್ಲಿ ಒಬ್ಬ ಚಿಕ್ಕಪ್ಪ 'ಓದಿಸಿದ ದುಡ್ಡು ದಂಡ' ಅಂತ ಬರೆದಿದ್ದರು. ಅಪ್ಪ ಏನೂ ಬರೆಯಲಿಲ್ಲ. ಒಂದು ನಗುವ ಮುಖದ ಚಿತ್ರ ಹಾಕಿದ್ದರು. ಅವನು ಫೋನ್ ಮಾಡಲಿಲ್ಲ. ಅವತ್ತಿನಿಂದ ಮನೆಯಲ್ಲೂ ಮಾತು ಕಡಿಮೆ ಮಾಡಿದ. "ಏನು ಮಾತಾಡಿದರೂ ಸಂಜೆ ಗ್ರೂಪಿಗೆ ಬರುತ್ತೆ. ಮಾತಾಡದಿದ್ದರೆ ಬರಲ್ಲ."

ಅಲ್ಲಿಯವರೆಗೆ ನನ್ನ ಮುಂದೆ 'ಇವರು' ಅನ್ನುತ್ತಿದ್ದ ಹುಡುಗಿ ಈಗ ಅವನ ಕಡೆ ತಿರುಗಿದಳು. "ನೀನೂ ನಗ್ತಿದ್ದೆ ಅಲ್ದಾ? ಪ್ರತಿ ಸಲ ನಗ್ತಿದ್ದೆ. ನಂಗೆ ಹೆಂಗೆ ಗೊತ್ತಾಗಬೇಕು?"

ಅವಳ ಪ್ರಶ್ನೆ ನ್ಯಾಯದ್ದು. ಬಹಳ ಜನ ಇಲ್ಲಿ ಗಂಡನ ಪಕ್ಷ ಹಿಡಿಯುತ್ತಾರೆ, ನಾನು ಹಿಡಿಯುವುದಿಲ್ಲ. ನೋವಾದ ಕಡೆ ನಕ್ಕರೆ ಎದುರಿನವರಿಗೆ ನಗುವೇ ಕಾಣುವುದು. ಅವನು ಮೊದಲ ಸಲವೇ "ಇದು ಬೇಡ" ಅಂದಿದ್ದರೆ ಜೋನಿಬೆಲ್ಲದವರೆಗೆ ಬರುತ್ತಿರಲಿಲ್ಲ. ಮಾತು ಬಿಡುವುದು ಸಹನೆ ಅಂತ ನಮ್ಮ ಕಡೆ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದೂ ಒಂದು ಥರದ ಪೆಟ್ಟು. ಹೆಂಡತಿ ಮೂರು ತಿಂಗಳು ತನ್ನ ತಪ್ಪೇನು ಅಂತ ಗೊತ್ತಿಲ್ಲದೆ ತಿಂದ ಪೆಟ್ಟು.

ಅವಳು ಯಾಕೆ ಅಷ್ಟು ಕತೆ ಹೇಳುತ್ತಿದ್ದಳು ಅಂತಲೂ ಕೇಳಿದೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಬಿಸಿಲೇರಿದರೆ ಹಣ್ಣಿನ ರಸ ಕೆಡುತ್ತೆ ಅಂತ ರಾತ್ರಿಯ ತಂಪಿನಲ್ಲೇ ಹೆಡ್‌ಲೈಟ್ ಕಟ್ಟಿಕೊಂಡು ಗೊನೆ ಕೊಯ್ಯುತ್ತಾರೆ. ಅವನು ರಾತ್ರಿ ಎರಡಕ್ಕೆ ಹೊರಟರೆ ಬರುವುದು ಮಧ್ಯಾಹ್ನ, ಬಂದವನು ಮಲಗುತ್ತಾನೆ. ಅವಳಿಗೆ ಮರಾಠಿ ಬರುವುದಿಲ್ಲ. ತವರಿನಲ್ಲಿ ಸಂಜೆಯಾದರೆ ಜಗಲಿ ತುಂಬಾ ಜನ, ಕವಳ, ಹರಟೆ. ಅಲ್ಲಿ ನಾಲ್ಕು ಗೋಡೆ. "ಗ್ರೂಪಿನಲ್ಲಿ ಹನ್ನೆರಡು ಜನ ನಕ್ಕರೆ ಆ ದಿನ ಮುಗೀತು ಅನಿಸ್ತಿತ್ತು" ಅಂದಳು. ಆ ಗ್ರೂಪು ಅವಳ ಜಗಲಿಯಾಗಿತ್ತು. ಕೈಗೆ ಸಿಗುತ್ತಿದ್ದ ಒಂದೇ ಕತೆ ಗಂಡ.

ಅದಕ್ಕೇ ನಾನು ಗ್ರೂಪ್ ಬಿಡು ಅಂತ ಹೇಳಲಿಲ್ಲ. ಈ ವಿಷಯಕ್ಕೆ ನನ್ನನ್ನು ಬೈದವರಿದ್ದಾರೆ. ಹುಡುಗನ ತಾಯಿಗಂತೂ ಸಮಾಧಾನವೇ ಆಗಲಿಲ್ಲ. ಗಂಡನ ಮರ್ಯಾದೆ ಅಂತ ಒಂದು ಮಾತು ನನ್ನ ಬಾಯಿಂದ ಬರಲಿ ಅಂತ ಅವರು ಕಾದಿದ್ದರು. ನಾನು ಆಡಲಿಲ್ಲ, ಬೇಕಂತಲೇ ಆಡಲಿಲ್ಲ. ಯಾಕೆಂದರೆ ನನ್ನ ಹತ್ತಿರ ಇದರ ಉಲ್ಟಾ ಪ್ರಕರಣಗಳೇ ಜಾಸ್ತಿ. ಮದುವೆಮನೆಯ ಪಂಕ್ತಿಯಲ್ಲಿ ಹೆಂಡತಿಯ ಅಪ್ಪೆಹುಳಿ, ಹೆಂಡತಿಯ ಇಂಗ್ಲಿಷು, ಹೆಂಡತಿ ಸ್ಕೂಟಿಯನ್ನು ಗೊಬ್ಬರಗುಂಡಿಗೆ ಇಳಿಸಿದ್ದು, ಎಲ್ಲ ಹೇಳಿ ನಗಿಸುವ ಗಂಡಂದಿರು ಎಷ್ಟಿಲ್ಲ? ಆಗ ಯಾರೂ ನಗೆಪಾಟಲು ಅನ್ನುವುದಿಲ್ಲ. "ತಮಾಷೆಗೆ ಅಂದಿದ್ದು, ಅಷ್ಟಕ್ಕೇ ಮುಖ ಊದಿಸ್ಕೋಬೇಡ" ಅಂತ ಹೆಂಡತಿಗೇ ಹೇಳುತ್ತಾರೆ. ಗಂಡನಿಗೊಂದು ಬುದ್ಧಿಮಾತು, ಹೆಂಡತಿಗೊಂದು ಬುದ್ಧಿಮಾತು ಅಂತ ನನ್ನ ಹತ್ತಿರ ಎರಡು ಸ್ಟಾಕ್ ಇಲ್ಲ.

ನಾನು ಹೇಳಿದ್ದು ಇಷ್ಟೇ. ಕತೆ ಒಂದು ರಾತ್ರಿ ಮನೆಯಲ್ಲೇ ಇರಲಿ, ತಂಗಳಾಗಲಿ. ಮಾರನೇ ದಿನ ಆ ಕತೆ ಯಾರ ಮೇಲಿದೆಯೋ ಅವರಿಗೇ ಮೊದಲು ಹೇಳು. ಅವರಿಗೆ ನಗು ಬಂದರೆ ಆಚೆ ಹೋಗಲಿ. ಒಂದು ರಾತ್ರಿ ಕಳೆದ ಮೇಲೂ ನಗು ಬರುವ ಕತೆ ಹೇಗೂ ಒಳ್ಳೆಯ ಕತೆಯೇ ಇರುತ್ತೆ. ಅವನಿಗೆ ಹೇಳಿದ್ದು, ಬೇಡ ಅನಿಸಿದರೆ ಅದೇ ದಿನ ಬಾಯಿಬಿಟ್ಟು ಬೇಡ ಅನ್ನು, ಸುಳ್ಳು ನಗಬೇಡ. ಕಾರಣ ಕೊಡಬೇಕಾಗಿಲ್ಲ. ಮುಂದಿನ ಕೊಯ್ಲಿಗೆ ಒಂದು ರಾತ್ರಿ ಅವಳನ್ನೂ ತೋಟಕ್ಕೆ ಕರೆದುಕೊಂಡು ಹೋಗು. ನಿನ್ನ ಕೆಲಸ ಅವಳಿಗೆ ಗೊತ್ತಿಲ್ಲದಿದ್ದರೆ ಅವಳಿಗೆ ಕಾಣುವುದು ಒಂಟಿಕಾಲು ಮಾತ್ರ.

ಅವನ ಹತ್ತಿರ ಕ್ಷಮೆಯನ್ನೂ ಕೇಳಿದೆ, ನಕ್ಕಿದ್ದಕ್ಕೆ. "ಪರವಾಗಿಲ್ಲ ಮೇಡಂ, ಅವಳು ನಿಂತು ತೋರಿಸಿದ್ದು ಚೆನ್ನಾಗೇ ಇತ್ತು" ಅಂದ. ಪಾಪ, ಆಗಲೂ.

ಅಪ್ಪನಿಗೆ ಫೋನ್ ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಅಪ್ಪ ಮಗನ ನಡುವಿನ ಮೌನ ನನ್ನ ಎರಡು ಭೇಟಿಗೆ ಕರಗುವಂಥದ್ದಲ್ಲ.

ಈ ಫೆಬ್ರವರಿಯಲ್ಲಿ ಹುಡುಗಿಯಿಂದ ಒಂದು ಧ್ವನಿ ಸಂದೇಶ ಬಂತು. ಶುರುವಿನಲ್ಲೇ ಪಿಸುಮಾತು. "ಕಳಿಸ್ಲಾ?" ಅಂತ ಅವಳು. "ಹೂಂ, ನಾನು ಸೀನಿದ್ದೊಂದು ಬಿಟ್ಟು" ಅಂತ ಅವನು. ಆಮೇಲೆ ಕತೆ. ಇವಳೂ ಹೆಡ್‌ಲೈಟ್ ಕಟ್ಟಿಕೊಂಡು ಕೊಯ್ಲಿಗೆ ಹೋದದ್ದು, ಕೆಲಸದ ಹೆಂಗಸರ ಜೊತೆ ಅರ್ಧ ಮರಾಠಿ ಅರ್ಧ ಕೈಸನ್ನೆಯಲ್ಲಿ ಮಾತಾಡಿದ್ದು, ತನ್ನ ಬೆರಳನ್ನೇ ಕತ್ತರಿಗೆ ಕೊಟ್ಟದ್ದು. ಬೆಳಗಾದ ಮೇಲೆ ದೊಡ್ಡ ಮನುಷ್ಯರು ಯಾರೋ ಬಂದರಂತೆ. ಎಲ್ಲರೂ ಸಾಲಾಗಿ ನಿಂತರಂತೆ.

"ಇವರು ಗ್ಲಾಸನ್ನು ಮೂಗಿನ ಹತ್ತಿರ ತಂದರು ಮೇಡಂ..."

ಅಲ್ಲಿ ಅವಳು ನಿಂತಳು. ಉಸಿರು ಬಿಗಿಹಿಡಿದದ್ದು ಕೇಳಿಸಿತು. ಹಿಂದೆ ಅವನು ಕಿಸಕ್ಕನೆ ನಕ್ಕದ್ದೂ ಕೇಳಿಸಿತು.

"...ಆಮೇಲೆ ನಾವೆಲ್ಲ ಊಟಕ್ಕೆ ಹೋದೆವು."