ಕಿಬ್ಬೊಟ್ಟೆಯೊಳಗಿನ ವೆರಿಕೋಸ್ ವೇನ್ಸ್‌ಗೆ ಗರ್ಭಕೋಶವನ್ನೇ ತೆಗೆಸಬೇಕೇ?

ಎರಡನೆಯ ಹೆರಿಗೆಯ ನಂತರ ಕಿಬ್ಬೊಟ್ಟೆಯಲ್ಲಿ ಭಾರ, ನಿಂತಷ್ಟೂ ಹೆಚ್ಚುವ ನೋವು, ಸ್ಕ್ಯಾನ್ ವರದಿಯಲ್ಲಿ ಅಂಡಾಶಯದ ಸುತ್ತ ರಕ್ತನಾಳಗಳು ಉಬ್ಬಿವೆ ಎಂಬ ಒಂದು ಸಾಲು, ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ: ನೀವು ಬರೆದಿರುವ ಈ ನಾಲ್ಕೂ ನನ್ನ ಪಾಲಿಗೂ ಬಂದಿದ್ದವು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನನಗೇ, ಕಾಲಿನಲ್ಲಿ ಕಾಣುವ ವೆರಿಕೋಸ್ ವೇನ್ಸ್, ಅಂದರೆ ರಕ್ತನಾಳಗಳು ಉಬ್ಬಿಕೊಳ್ಳುವ ತೊಂದರೆ, ಹೊಟ್ಟೆಯೊಳಗೂ ಆಗಬಹುದೆಂದು ಹೊಳೆದಿರಲಿಲ್ಲ.

ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಮರಳಿ ಒಯ್ಯುವ ನಾಳಗಳಲ್ಲಿ, ಅದು ಹೃದಯದ ಕಡೆಗೆ ಮಾತ್ರ ಹರಿಯುವಂತೆ ಕವಾಟಗಳಿರುತ್ತವೆ. ಗರ್ಭಿಣಿಯಾಗಿದ್ದಾಗ ಅಂಡಾಶಯದ ಅಭಿಧಮನಿಗಳು ಹಲವು ಪಟ್ಟು ಹೆಚ್ಚು ರಕ್ತವನ್ನು ಹೊರಬೇಕಾಗುವುದರಿಂದ ಅವು ಹಿಗ್ಗುತ್ತವೆ. ಕೆಲವರಲ್ಲಿ ಹೆರಿಗೆಯ ನಂತರವೂ ಕವಾಟಗಳು ಸರಿಯಾಗಿ ಮುಚ್ಚದೆ, ರಕ್ತ ಕೆಳಕ್ಕೆ ಜಾರಿ ಗರ್ಭಕೋಶದ ಸುತ್ತ ನಿಂತುಬಿಡುತ್ತದೆ. ಎಡಬದಿಯಲ್ಲಿ ಇದು ಹೆಚ್ಚು, ಏಕೆಂದರೆ ಎಡ ಅಂಡಾಶಯದ ಅಭಿಧಮನಿ ನೇರವಾಗಿ ಮಹಾಭಿಧಮನಿಗೆ ಸೇರದೆ, ಮೂತ್ರಪಿಂಡದ ಅಭಿಧಮನಿಯನ್ನು ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುತ್ತದೆ. ಸಂಜೆಯ ಹೊತ್ತಿಗೆ, ಮುಟ್ಟಿನ ಮುಂಚೆ ಮತ್ತು ಸಂಭೋಗದ ನಂತರ ನೋವು ಹೆಚ್ಚಿ, ಮಲಗಿದರೆ ಇಳಿಯುವುದು ಇದರ ಗುರುತು. ಯೋನಿಯ ಹೊರಭಾಗದಲ್ಲೋ ತೊಡೆಯ ಒಳಬದಿಯಲ್ಲೋ ಉಬ್ಬಿದ ರಕ್ತನಾಳಗಳಿದ್ದರೆ ನಾಚದೆ ವೈದ್ಯರಿಗೆ ತೋರಿಸಿ. ನಾನು ಅದನ್ನು ಮುಚ್ಚಿಟ್ಟಿದ್ದರಿಂದಲೇ ಎರಡು ವರ್ಷ ಕಳೆದುಹೋಯಿತು.

ಆದರೆ ನಾಳಗಳು ಉಬ್ಬಿದ್ದರೂ ನೋವೇ ಇಲ್ಲದ ಹೆಂಗಸರು ಬಹಳ ಮಂದಿ ಇರುವುದರಿಂದ, ವರದಿಯ ಆ ಒಂದು ಸಾಲನ್ನೇ ರೋಗವೆಂದು ತಿಳಿಯಬಾರದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೂ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಸೋಂಕು ಮುಂತಾದ ಕಾರಣಗಳಿಲ್ಲವೆಂದು ಸ್ತ್ರೀರೋಗ ತಜ್ಞರು ಮೊದಲು ಖಚಿತಪಡಿಸಿಕೊಳ್ಳಬೇಕು. ಬಳಿಕ ರಕ್ತ ಹಿಂದಕ್ಕೆ ಹರಿಯುತ್ತಿದೆಯೇ ಎಂಬುದನ್ನು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡಬೇಕು. ಮಲಗಿದಾಗ ನಾಳಗಳು ಕುಗ್ಗುವುದರಿಂದ, ನಿಲ್ಲಿಸಿಯೋ ಉಸಿರು ಬಿಗಿಹಿಡಿದು ಮುಕ್ಕಲು ಹೇಳಿಯೋ ನೋಡುವುದು ಒಳ್ಳೆಯದು. ಹೊಟ್ಟೆಯೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಲ್ಯಾಪರೊಸ್ಕೋಪಿಯಲ್ಲಿ ಏನೂ ಕಾಣಲಿಲ್ಲ ಎನ್ನುವುದಕ್ಕೂ ಎಷ್ಟೋ ಸಲ ಮಲಗಿದಾಗ ನಾಳಗಳು ಹೀಗೆ ಕುಗ್ಗುವುದೇ ಕಾರಣ.

ಚಿಕಿತ್ಸೆಯಲ್ಲಿ ಹಾರ್ಮೋನ್ ಮಾತ್ರೆಗಳಿವೆ. ನನಗೆ ಅವು ತೆಗೆದುಕೊಳ್ಳುವಷ್ಟು ದಿನ ಮಾತ್ರ ಹಿಡಿದವು. ಕೊನೆಗೆ ಮಾಡಿಸಿಕೊಂಡದ್ದು ಎಂಬೊಲೈಸೇಶನ್. 1993ರಿಂದ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿರುವ ಈ ವಿಧಾನದಲ್ಲಿ, ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರ ನೋಡುತ್ತಾ ಕೊಳವೆಯ ಮೂಲಕ ಚಿಕಿತ್ಸೆ ಮಾಡುವ ತಜ್ಞ ವೈದ್ಯರು) ಕತ್ತಿನ ಅಥವಾ ತೊಡೆಸಂದಿನ ಅಭಿಧಮನಿಯ ಮೂಲಕ ಸಣ್ಣ ಕೊಳವೆ ತೂರಿಸಿ, ಕೆಟ್ಟ ನಾಳವನ್ನು ಲೋಹದ ಸುರುಳಿಗಳಿಂದಲೂ ನೊರೆಯಂಥ ಔಷಧದಿಂದಲೂ ಮುಚ್ಚುತ್ತಾರೆ. ನನಗೆ ಕತ್ತಿನ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಹೊಲಿಗೆ ಬೀಳಲಿಲ್ಲ, ಅದೇ ಸಂಜೆ ಮನೆಗೆ ಕಳುಹಿಸಿದರು. ಎಲ್ಲೋ ಅಭಿಧಮನಿಯೊಂದು ಧಮನಿಯ (ಹೃದಯದಿಂದ ರಕ್ತ ತರುವ ನಾಳದ) ಅಡಿಗೆ ಸಿಕ್ಕಿ ಅದುಮಿಹೋಗಿದ್ದರಿಂದ ರಕ್ತ ಹಿಂದೆ ಸರಿಯುತ್ತಿದ್ದರೆ ಚಿಕಿತ್ಸೆಯೇ ಬೇರೆಯಾಗುತ್ತದೆ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಗರ್ಭಕೋಶ ತೆಗೆಸಿದರೂ ಕವಾಟ ಕೆಟ್ಟ ನಾಳ ಒಳಗೇ ಉಳಿಯಬಹುದು, ನೋವೂ ಉಳಿಯಬಹುದು. ಆದ್ದರಿಂದ ಆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ರಕ್ತನಾಳ ತಜ್ಞರೊಬ್ಬರನ್ನು ಕಾಣಿರಿ. ಎಂಬೊಲೈಸೇಶನ್ ಆದ ಮೇಲೆ ನನಗೆ ಮೊದಲ ವಾರ ಸೊಂಟ ಸೆಳೆಯಿತು, ಮೂರು ತಿಂಗಳಲ್ಲಿ ನೋವು ಇಳಿಯಿತು. ಇಡೀ ದಿನ ನಿಂತು ಪಾಠ ಮಾಡಿದರೆ ಸಂಜೆ ಈಗಲೂ ಸ್ವಲ್ಪ ಭಾರವೆನಿಸುತ್ತದೆ, ಆದರೆ ಅಡುಗೆ ಬಿಟ್ಟು ಮಲಗಬೇಕಾಗುವಷ್ಟಲ್ಲ.